ಮೂವತ್ತೇಳನೆಯ ಯಂತ್ರದ ಚಾವಿ

ಮಾನಸಿಗೆ ಆ ಕೆಲಸ ಕೊಡಿಸಿದ್ದು ಮುಂಡಪ್ಪ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಇದನ್ನು ಯಾರೂ ಹೇಳುವುದಿಲ್ಲ.

ಮುಂಡಪ್ಪ ಅವಳ ನೆಂಟರೇನಲ್ಲ. ಅವಳ ತಾಯಿಯ ಊರಾದ ಕಾಪು ಕಡೆಯವರು. ವಿಠ್ಠಲವಾಡಿಯ ಚಾಳಿನಲ್ಲಿ ಎರಡು ಬಾಗಿಲು ಆಚೆ ಇದ್ದವರು. ಮಾನಸಿಯ ಅಪ್ಪ ಹೋಟೆಲಿನ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ ವರ್ಷದಿಂದ ಅವಳು ಅವರನ್ನು ಮಾಮ ಎಂದೇ ಕರೆಯುತ್ತ ಬಂದಳು. ಮುಂಡಪ್ಪ ಕೂಡ ಹೋಟೆಲಿನಲ್ಲಿ ತಟ್ಟೆ ಎತ್ತಿದವರೇ. ಆಮೇಲೆ ಫಿಟ್ಟರ್ ಕೆಲಸ ಕಲಿತು, ಸಾತಾರದ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿಕೊಳ್ಳುವ ಕಂಪನಿ ಸೇರಿದರು. ತಿಂಗಳಿಗೆ ಎರಡು ದಿನ ಮನೆಗೆ ಬರುತ್ತಿದ್ದರು. ಬಂದಾಗ ಬಟ್ಟೆಗೆಲ್ಲ ಗ್ರೀಸಿನ ವಾಸನೆ. ಹೆಂಡತಿ ದ್ರೌಪದಿ ಅವನ್ನು ಬೇರೆಯೇ ಬಕೆಟಿನಲ್ಲಿ ನೆನೆಹಾಕುತ್ತಿದ್ದರು.

ಹತ್ತನೆಯ ಕ್ಲಾಸಿನಲ್ಲಿದ್ದಾಗ ಮಾನಸಿ ಒಮ್ಮೆ ಕೇಳಿದ್ದಳು, "ಮಾಮ, ಅಷ್ಟು ನಿಧಾನ ತಿರುಗುವ ರೆಕ್ಕೆಯಿಂದ ಕರೆಂಟು ಹೇಗೆ ಬರ್ತದೆ?"

ಮುಂಡಪ್ಪ ಅವಳಮ್ಮನ ಹೊಲಿಗೆ ಮಿಷನ್ನಿನ ಮುಂದೆ ಕೂತು ಪೆಡಲು ತುಳಿದರು. "ನೋಡು, ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬಂದ್ರೆ ಮೇಲಿನ ಸಣ್ಣದು ಎಷ್ಟು ಸುತ್ತು ಬರ್ತದೆ? ಅಲ್ಲಿಯೂ ಹಾಗೇ. ರೆಕ್ಕೆ ನಿಮಿಷಕ್ಕೆ ಹದಿನೈದು ಹದಿನಾರು ಸುತ್ತು. ನಡುವೆ ಗೇರ್‌ಬಾಕ್ಸ್ ಕೂತು ಅದನ್ನು ಸಾವಿರದೈನೂರು ಮಾಡ್ತದೆ. ಆ ಓಟಕ್ಕೆ ಜನರೇಟರ್ ಎದ್ದು ಕೂರ್ತದೆ. ಕರೆಂಟು ಕಂಬದೊಳಗಿನ ಕೇಬಲ್ಲಿನಲ್ಲಿ ಇಳಿದು ಬರ್ತದೆ. ಗಾಳಿ ದಿಕ್ಕು ಬದಲಿಸಿದ್ರೆ ಮೇಲಿನ ಪೆಟ್ಟಿಗೆಯೇ ಅತ್ತ ಮುಖ ತಿರುಗಿಸ್ತದೆ. ಬಸ್ಸಿನಷ್ಟು ದೊಡ್ಡ ಪೆಟ್ಟಿಗೆ ಮಾರಾಯ್ತಿ, ನಮ್ಮ ದ್ರೌಪದಿ ಸಿಟ್ಟಿನಲ್ಲಿ ಮುಖ ತಿರುಗಿಸಿದ ಹಾಗೆ!"

ಒಳಗೆ ಅಮ್ಮನ ಜೊತೆಗಿದ್ದ ದ್ರೌಪದಿ ಏನೋ ಎಸೆದ ಸದ್ದಾಯಿತು. ಮಾನಸಿ ನಕ್ಕಳು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದು ಆ ಪೆಡಲಿನ ದೆಸೆಯಿಂದ. ಡಿಪ್ಲೊಮಾ ಮುಗಿದಾಗ ಮುಂಡಪ್ಪ ಕಂಪನಿಯ ಮಹಾಪೆ ಆಫೀಸಿಗೆ ಅವಳ ಅರ್ಜಿ ಹಿಡಿದುಕೊಂಡು ತಾವೇ ಹೋದರು. "ನನ್ನ ಮನೆಯ ಹುಡುಗಿ" ಎಂದರು.

ಹಾಗೆ ಮಾನಸಿ ಮಹಾಪೆಯ ಕಂಟ್ರೋಲ್ ರೂಮಿಗೆ ಬಂದಳು. ಅಷ್ಟರಲ್ಲಿ ತಾಯಿ ಮಗಳು ಚಾಳು ಬಿಟ್ಟು ಡೊಂಬಿವಲಿಗೆ ಮನೆ ಬದಲಿಸಿದ್ದರು. ಅಲ್ಲಿಂದ ಠಾಣೆಗೆ ಒಂದು ಲೋಕಲ್ ರೈಲು, ಠಾಣೆಯಿಂದ ಕೋಪರಖೈರಣೆಗೆ ಇನ್ನೊಂದು, ಅಲ್ಲಿಂದ ಶೇರ್ ಆಟೊ. ಗಾಳಿಯೂ ಬಾರದ ಎಸಿ ಕೋಣೆ. ಗೋಡೆಯ ತುಂಬ ಪರದೆಗಳು. ಸಾತಾರದ ಗುಡ್ಡದ ನೂರ ನಲವತ್ತೆರಡು ಯಂತ್ರಗಳು ಇಲ್ಲಿ ನೂರ ನಲವತ್ತೆರಡು ಚೌಕಗಳಾಗಿದ್ದವು. ತಿರುಗುತ್ತಿದ್ದರೆ ಹಸಿರು. ಗಾಳಿಯಿಲ್ಲದೆ ಸುಮ್ಮನೆ ನಿಂತಿದ್ದರೆ ಹಳದಿ. ಕೆಟ್ಟಿದ್ದರೆ, ಇಲ್ಲವೇ ಯಾರಾದರೂ ಚಾವಿ ಹಾಕಿ ಕಟ್ಟಿಹಾಕಿದ್ದರೆ ಕೆಂಪು.

ಈ ಚಾವಿಯ ವಿಷಯ ತಿಳಿದಿರಬೇಕು. ಕಂಬದ ಬುಡದ ಪೆಟ್ಟಿಗೆಯಲ್ಲಿ ಒಂದು ಚಾವಿ ಇರುತ್ತದೆ. ಹತ್ತುವವನು ಅದನ್ನು 'ಲೋಕಲ್' ಕಡೆಗೆ ತಿರುಗಿಸಿ, ಕಿತ್ತು ಜೇಬಿಗೆ ಹಾಕಿಕೊಂಡು ಹತ್ತಬೇಕು. ಆಮೇಲೆ ಮಹಾಪೆಯಲ್ಲಿ ಯಾರು ಯಾವ ಗುಂಡಿ ಒತ್ತಿದರೂ ಆ ಯಂತ್ರ ಮಿಸುಕುವುದಿಲ್ಲ. 'ರಿಮೋಟ್' ಕಡೆಗಿದ್ದರೆ ಇಲ್ಲಿ ಕೂತವರು ಆಡಿಸಿದಂತೆ ಆಡುತ್ತದೆ. ನಿಯಮ ಅಷ್ಟೇ, ಮಗುವಿಗೂ ಅರ್ಥವಾಗುವಂಥದ್ದು. ಆದರೆ ಲೋಕಲ್ ಹಾಕಿದೊಡನೆ ಇಲ್ಲಿ ಚೌಕ ಕೆಂಪಾಗುತ್ತದೆ, ಅಷ್ಟು ಗಂಟೆಯೂ ನಷ್ಟದ ಲೆಕ್ಕವಾಗಿ ಆ ಪಾಳಿಯವರ ಹೆಸರಿನ ಕೆಳಗೆ ಬೀಳುತ್ತದೆ. ಅದಕ್ಕೇ ಕಂಟ್ರೋಲ್ ರೂಮಿನವರು, ಚಾವಿ ಹಾಕದೆ ಹತ್ತಿ ಎಂದು ಗುಡ್ಡದವರನ್ನು ಫೋನಿನಲ್ಲಿ ಪುಸಲಾಯಿಸುತ್ತಿದ್ದರು. ಪರಿಚಯ ಇದ್ದವರು ಒಪ್ಪುತ್ತಿದ್ದರು.

ಮಾನಸಿ ಕಾಂಟ್ರಾಕ್ಟಿನವಳು. ಮಾರ್ಚಿನಲ್ಲಿ ಆರು ಜನರಲ್ಲಿ ಇಬ್ಬರನ್ನು ಖಾಯಂ ಮಾಡುತ್ತಾರೆಂಬ ಸುದ್ದಿ ಇತ್ತು.

"ಮಾಮ, ಚಾವಿ ರಿಮೋಟ್‌ನಲ್ಲೇ ಇರ್ಲಿ, ಪ್ಲೀಸ್. ಮಾರ್ಚ್ ತನಕ ಮಾತ್ರ."

"ಬೇರೆ ಯಾರಾದ್ರೂ ಕೇಳಿದ್ರೆ ಬೈದು ಫೋನ್ ಇಡ್ತಿದ್ದೆ," ಎಂದರು ಮುಂಡಪ್ಪ. "ಅಲ್ಲಿ ನೀನು ಕೂತಿರುವಾಗ ನಂಗೆ ಎಂತ ಹೆದರಿಕೆ?"

ಹನ್ನೆರಡು ವರ್ಷ ಚಾವಿಯನ್ನು ಜೇಬಿಗೆ ಹಾಕಿಕೊಂಡು ಹತ್ತಿದ ಮನುಷ್ಯ ಆ ಚಳಿಗಾಲವೆಲ್ಲ ಖಾಲಿ ಜೇಬಿನಲ್ಲಿ ಹತ್ತಿದರು.

ಕಂಟ್ರೋಲ್ ರೂಮಿನ ಯಜಮಾನ ಸುದರ್ಶನ. ಉಡುಪಿಯವನು, ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನಲ್ಲಿ ಮನೆ. ದಿನಾ ಡಬ್ಬಿ ತುಂಬ ಕೋಡುಬಳೆ ತಂದು ಎಲ್ಲರಿಗೂ ಹಂಚುವನು. ನಗಿಸುವನು. ನಗದವರ ಹೆಸರನ್ನು ನೆನಪಿಟ್ಟುಕೊಳ್ಳುವನು. ಅವನು ಕಂಡುಹಿಡಿದ ಒಂದು ಆಟಕ್ಕೆ ರೂಮಿನಲ್ಲಿ 'ಪಾಳಣಾ' ಎಂಬ ಹೆಸರಿತ್ತು, ಮರಾಠಿಯಲ್ಲಿ ತೊಟ್ಟಿಲು. ಯಂತ್ರದ ಮೇಲೆ ತನಗೆ ಆಗದವನು ಯಾರಾದರೂ ಇದ್ದರೆ, ಇಲ್ಲಿಂದ ಗುಂಡಿ ಒತ್ತಿ ಮೇಲಿನ ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸುವುದು, ಗಕ್ಕನೆ ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಎಪ್ಪತ್ತೈದು ಮೀಟರ್ ಮೇಲೆ ಕಬ್ಬಿಣ ನರಳುತ್ತ ಕುಲುಕಿದರೆ ಎಂಥವನೂ ಸಿಕ್ಕ ಕಂಬಿಯನ್ನು ತಬ್ಬಿ ಹಿಡಿಯುತ್ತಾನೆ. ಆಮೇಲೆ ಅವನು ಫೋನು ಮಾಡಿ ಬೈಯುವುದನ್ನು ಇವರು ಸ್ಪೀಕರಿಗೆ ಹಾಕಿ ಕೇಳುವುದು. ಮುಂಡಪ್ಪನಿಗೂ ಎರಡು ಸಲ ಪಾಳಣಾ ಆಗಿತ್ತು. ಅವರು ಬೈದಿರಲಿಲ್ಲ. "ಮಗು ಮಲಗಿತು ಸ್ವಾಮಿ, ಇನ್ನು ತೂಗಬೇಡಿ" ಎಂದಿದ್ದರು.

ಅದು ಎರಡು ಸಾವಿರದ ಹನ್ನೆರಡರ ಫೆಬ್ರವರಿ. ಗಾಳಿ ಬಿದ್ದಿತ್ತು. ಮಳೆಗಾಲದ ಗಾಳಿ ಏಳುವ ಮೊದಲು ಬೋಲ್ಟು ಬಿಗಿಮಾಡಿ, ಎಣ್ಣೆ ಬದಲಿಸಿ, ಗ್ರೀಸು ಹಚ್ಚಿ ಮುಗಿಸುವ ಕಾಲ. ಬೆಳಿಗ್ಗೆ ಹತ್ತಕ್ಕೆ ಮುಂಡಪ್ಪ ಫೋನು ಮಾಡಿದರು.

"ಮೂವತ್ತೇಳು ಹತ್ತುತ್ತೇವೆ ಮಗಾ. ನಾನು, ಜಯೇಶ್ ಸಾಹೇಬ್ರು. ಚಾವಿ ನೀನು ಹೇಳಿದಲ್ಲೇ ಉಂಟು. ಊಟ ಮಾಡಿದ್ಯಾ?"

"ಹತ್ತು ಗಂಟೆಗೆ ಎಂಥ ಊಟ ಮಾಮ?"

"ನಮಗೆ ಇಲ್ಲಿ ಹೊತ್ತೇ ಗೊತ್ತಾಗುದಿಲ್ಲ. ಇರ್ಲಿ."

ಕೆಲಸದ ಪಟ್ಟಿ ಅವಳ ಮುಂದಿತ್ತು. ಐದನೆಯ ಸಾಲಿನಲ್ಲಿ, ಪೆಟ್ಟಿಗೆ ತಿರುಗುವ ದೊಡ್ಡ ಹಲ್ಲುಚಕ್ರಕ್ಕೆ ಗ್ರೀಸು ಹಚ್ಚುವುದು ಎಂದಿತ್ತು. ಅದಕ್ಕೆ ಕಂಬದ ತುದಿಯಲ್ಲಿ, ಪೆಟ್ಟಿಗೆಯ ಕೆಳಗೆ ನಿಂತು, ಬ್ರಷ್ಷು ಹಿಡಿದ ಕೈಯನ್ನು ಹಲ್ಲುಗಳ ನಡುವೆ ತೂರಿಸಬೇಕು. ಮಾನಸಿ ಅದನ್ನು ಓದಿದ್ದಳು. ಗುಡ್ಡದವರು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮಾಡುತ್ತಾರೆ, ಐದನೆಯದು ಬರುವಾಗ ಮಧ್ಯಾಹ್ನವಾಗುತ್ತದೆ ಎಂಬುದೂ ಗೊತ್ತಿತ್ತು.

ಹನ್ನೊಂದು ಇಪ್ಪತ್ತಕ್ಕೆ ಸುದರ್ಶನ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಹಿಂದಿನ ದಿನವಷ್ಟೇ ಸೈಟಿನ ಇಂಜಿನಿಯರ್ ಜಯೇಶ್, ಕಂಟ್ರೋಲ್ ರೂಮಿನವರು ಚಾವಿ ಹಾಕಲು ಬಿಡುವುದಿಲ್ಲ ಎಂದು ಹೆಡ್ ಆಫೀಸಿಗೆ ಮೇಲ್ ಬರೆದಿದ್ದ.

"ನಮ್ಮ ಪತ್ರಕರ್ತರು ಯಾವ ಯಂತ್ರದಲ್ಲಿದ್ದಾರೆ ಇವತ್ತು?"

"ಮೂವತ್ತೇಳು ಸರ್."

"ಹಳದಿ! ಆಹಾ, ಮೇಲ್ ಬರೆದವನೇ ಚಾವಿ ಹಾಕಿಲ್ಲ. ಪಾಳಣಾ ಕೊಡು ಮಾರಾಯ್ತಿ, ಪಾಪ, ನಿದ್ದೆ ಬರ್ಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾನಸಿ ಇದುವರೆಗೆ ಒಮ್ಮೆಯೂ ಆ ಗುಂಡಿ ಒತ್ತಿರಲಿಲ್ಲ.

"ಸರ್, ಮುಂಡಪ್ಪ ಮಾಮನೂ ಮೇಲಿದ್ದಾರೆ. ಗ್ರೀಸಿಂಗ್ ಉಂಟು."

"ಮುಂಡಪ್ಪನಿಗೆ ರೂಢಿ ಉಂಟು." ಸುದರ್ಶನ ಕೋಡುಬಳೆಯ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟ. "ನೋಡು, ಖಾಯಂ ಲಿಸ್ಟು ಇವತ್ತು ಸಂಜೆ ಕಳಿಸ್ಬೇಕು ನಾನು. ನಮ್ಮ ಟೀಮಿನಲ್ಲಿ ಯಾರು ನಮ್ಮವರು, ಯಾರು ಸೈಟಿನವರು ಅಂತ ಗೊತ್ತಾಗ್ಬೇಕಲ್ಲ?"

ಮಾನಸಿ ಗಡಿಯಾರ ನೋಡಿದಳು. ಐದನೆಯ ಸಾಲಿಗೆ ಇನ್ನೂ ಹೊತ್ತಿದೆ ಎಂದುಕೊಂಡಳು. ಫೋನು ಎತ್ತಿ ಒಂದು ಮಾತು ಕೇಳಬಹುದಿತ್ತು. ಫೋನು ಅವಳ ಮೊಣಕೈಯ ಪಕ್ಕದಲ್ಲೇ ಇತ್ತು. ಕೇಳಿದರೆ ಆಟ ಕೆಡುತ್ತದೆ, ರೂಮಿನವರು ನಗುತ್ತಾರೆ. ಅವಳು ಬಾಣದ ಗುರುತನ್ನು ಒತ್ತಿದಳು.

ಆ ಪೆಟ್ಟಿಗೆ ಬಹಳ ನಿಧಾನ ತಿರುಗುತ್ತದೆ, ಗಡಿಯಾರದ ಮುಳ್ಳಿನ ಹಾಗೆ. ಪರದೆಯ ಮೇಲೆ ಒಂದು ಡಿಗ್ರಿ, ಎರಡು ಡಿಗ್ರಿ, ಮೂರು. ಸುದರ್ಶನ "ಜೋ ಜೋ" ಎಂದ. ಎಲ್ಲರೂ ನಕ್ಕರು. ಮಾನಸಿಯೂ ನಕ್ಕಳು. ನಾಲ್ಕು ಡಿಗ್ರಿಗೆ ಬರುವಾಗ ಫೋನು ರಿಂಗಾಯಿತು. ಸುದರ್ಶನ ಕೈ ಚಾಚಿ ಸ್ಪೀಕರಿಗೆ ಹಾಕಿದ.

"ಥಾಂಬವಾ! ಥಾಂಬವಾ!" ನಿಲ್ಲಿಸಿ, ನಿಲ್ಲಿಸಿ ಎಂದು ಜಯೇಶ್ ಮರಾಠಿಯಲ್ಲಿ ಕಿರುಚುತ್ತಿದ್ದ. ಅವನ ಹಿಂದೆ ಇನ್ನೊಂದು ಸದ್ದಿತ್ತು. ಅದು ಮನುಷ್ಯರದೆಂದು ತಿಳಿಯಲು ರೂಮಿಗೆ ಒಂದು ಕ್ಷಣ ಬೇಕಾಯಿತು.

ಮಾನಸಿ ನಿಲ್ಲಿಸಿದಳು.

"ಹಾಥ್ ಅಂದರ್ ಹೈ! ಮುಂಡಪ್ಪಾ ಕಾ ಹಾಥ್ ದಾಂತ್ ಮೇ ಹೈ! ಉಲ್ಟಾ ಘುಮಾವೋ!" ಮುಂಡಪ್ಪನ ಕೈ ಹಲ್ಲುಗಳ ನಡುವೆ ಸಿಕ್ಕಿಕೊಂಡಿದೆ, ಹಿಂದಕ್ಕೆ ತಿರುಗಿಸಿ ಎನ್ನುತ್ತಿದ್ದ.

ಮೇಲೆ ಎಣ್ಣೆಯ ಡಬ್ಬ ಕಡಿಮೆ ಬಿದ್ದಿದ್ದರಿಂದ ಅವರು ಆ ದಿನ ಐದನೆಯ ಸಾಲನ್ನೇ ಮೊದಲು ಹಿಡಿದಿದ್ದರು. ಅಷ್ಟೇ.

ಕೈ ಬಿಡಿಸಲು ಬೇರೆ ದಾರಿಯಿಲ್ಲ. ಯಾವ ಹಲ್ಲುಗಳು ಮೇಲೆ ಬಂದಿದ್ದವೋ ಅವೇ ಆ ಕೈಯ ಮೇಲಿಂದ ಹಿಂದಕ್ಕೆ ಹೋಗಬೇಕು, ಬಂದಷ್ಟೇ ನಿಧಾನವಾಗಿ. ಮಾನಸಿ ತಿರುಗಿ ಸುದರ್ಶನನನ್ನು ನೋಡಿದಳು. ಅವನು ಅವಳ ಕುರ್ಚಿಯಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ನಿಂತಿದ್ದ.

"ಲಾಗಿನ್ ನಿಂದು," ಎಂದ. "ನೀನೇ ಒತ್ತು."

ಅವಳು ಒತ್ತಿದಳು. ನಾಲ್ಕು, ಮೂರು, ಎರಡು. ಸ್ಪೀಕರನ್ನು ಆರಿಸುವುದು ಯಾರಿಗೂ ಹೊಳೆಯಲಿಲ್ಲ. ಒಂದಕ್ಕೆ ಬರುವಾಗ ಅಲ್ಲಿಂದ ಸದ್ದು ನಿಂತಿತು. ಮಾಮನಿಗೆ ಪ್ರಜ್ಞೆ ತಪ್ಪಿತ್ತು. ಜಯೇಶ್ ಅವರನ್ನು ಹಗ್ಗಕ್ಕೆ ಕಟ್ಟಿ ಎಪ್ಪತ್ತೈದು ಮೀಟರ್ ಕೆಳಗಿಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸಾತಾರದ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಿಂದ ಕತ್ತರಿಸಿ ತೆಗೆದರು.

ಸಂಜೆ ಸುದರ್ಶನ ಲಿಸ್ಟು ಕಳಿಸಿದ. ಮಾನಸಿಯ ಹೆಸರು ಮೊದಲನೆಯದು.

ವಿಚಾರಣೆ ಮೂರು ವಾರದ ಮೇಲೆ ಮಹಾಪೆಯಲ್ಲೇ ನಡೆಯಿತು. ಹೆಡ್ ಆಫೀಸಿನಿಂದ ಹಯಗ್ರೀವ ಎಂಬ ಅಧಿಕಾರಿ ಬಂದಿದ್ದರು. ತಗ್ಗಿದ ದನಿಯವರು, ಯಾರನ್ನೂ ನೋಯಿಸದವರು. ಮುಂಡಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಬಲತೋಳನ್ನು ಮಡಚಿ ಸೇಫ್ಟಿ ಪಿನ್ನು ಚುಚ್ಚಿತ್ತು. ಕೂರುವ ಮೊದಲು ಮಾನಸಿಯನ್ನು ನೋಡಿ, "ತೆಳ್ಳಗಾಗಿದ್ದಿ" ಎಂದರು.

"ಪೆಟ್ಟಿಗೆ ತಿರುಗಿಸಿ ಕೇಬಲ್ ಸುರುಳಿ ಬಿಡಿಸುವ ಮಾಮೂಲಿ ಪರೀಕ್ಷೆ ಸರ್," ಎಂದ ಸುದರ್ಶನ. "ಚಾವಿ ಲೋಕಲ್‌ನಲ್ಲಿದ್ದಿದ್ರೆ ಯಂತ್ರ ತಿರುಗ್ತಲೇ ಇರ್ಲಿಲ್ಲ."

ಜಯೇಶ್ ಎದ್ದು ನಿಂತ. "ಸರ್, ಮೈ ನೇ ನೀಚೇ ಪೂಛಾ ಥಾ, ಚಾವಿ ಕ್ಯೂಂ ನಹೀಂ ಲಗಾಯಾ. ಇನ್ಹೋನೇ ಬೋಲಾ, ವಹಾಂ ಅಪನೀ ಲಡಕೀ ಬೈಠೀ ಹೈ. ಮಾನಸಿ ಕೋ ಪೂಛಿಯೇ." ಚಾವಿ ಯಾಕೆ ಹಾಕಿಲ್ಲವೆಂದು ಕೆಳಗೇ ಕೇಳಿದ್ದೆ, ಅಲ್ಲಿ ನಮ್ಮ ಹುಡುಗಿ ಕೂತಿದ್ದಾಳೆ ಎಂದರು, ಬೇಕಾದರೆ ಮಾನಸಿಯನ್ನೇ ಕೇಳಿ ಎಂಬುದು ಅವನ ಮಾತು.

ಹಯಗ್ರೀವರು ಮಾನಸಿಯನ್ನು ಕೇಳಲಿಲ್ಲ. ಮುಂಡಪ್ಪನ ಕಡೆ ತಿರುಗಿದರು. "ಚಾವಿ ಹಾಕಬೇಡಿ ಅಂತ ಯಾರಾದರೂ ಹೇಳಿದ್ದರಾ?"

ಮುಂಡಪ್ಪ ಅವಳನ್ನು ನೋಡಿದರು. ಅವಳು ಮೇಜನ್ನು ನೋಡುತ್ತಿದ್ದಳು. ಅವಳು ಬಾಯಿ ತೆರೆಯುತ್ತಾಳೆಂದು ಅವರು ಕಾಯುತ್ತಿದ್ದರೋ ಏನೋ.

"ಇಲ್ಲ ಸ್ವಾಮಿ," ಎಂದರು ಕೊನೆಗೆ. "ಮರೆತೆ."

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಅವರು ಕೊಟ್ಟದ್ದನ್ನು ಇಸಿದುಕೊಂಡು ಮಾನಸಿ ಸುಮ್ಮನಿರಬಹುದಿತ್ತು. ಆದರೆ ಹಯಗ್ರೀವರು, "ಮೇಲೆ ಜನ ಇದ್ದದ್ದು ನಿಮಗೆ ಗೊತ್ತಿತ್ತೇನಮ್ಮ?" ಎಂದಾಗ ಸುದರ್ಶನ ಮೇಜಿನ ಮೇಲೆ ಬೆರಳಾಡಿಸಿದ.

"ಇಲ್ಲ ಸರ್," ಎಂದಳು ಮಾನಸಿ. "ಚಾವಿ ರಿಮೋಟ್‌ನಲ್ಲಿತ್ತು. ಯಾರೂ ಹತ್ತಿಲ್ಲ ಅಂದ್ಕೊಂಡೆ. ಅವರು ಫೋನ್ ಮಾಡಿ ತಿಳಿಸಿರ್ಲಿಲ್ಲ."

ಮುಂಡಪ್ಪ ಆಗ ತಲೆ ಎತ್ತಿದರು. ಕೈ ಹೋದ ದಿನ ಅವರ ಮುಖ ಹೇಗಿತ್ತೋ ಮಾನಸಿ ಕಂಡಿರಲಿಲ್ಲ. ಇದನ್ನು ಕಂಡಳು. ಅವರು ಹೇಳಿಕೆಯ ಕೆಳಗೆ ಎಡಗೈಯಲ್ಲಿ ಹೆಸರು ಬರೆಯಲು ಹೋಗಿ ಅಕ್ಷರ ಕೂಡಿಬರದೆ, ಕೊನೆಗೆ ಹೆಬ್ಬೆಟ್ಟು ಒತ್ತಿದರು.

ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದರು, ತಿಳಿಸದೆ ಹತ್ತಿದರು ಎಂದು ಬರೆದು ಮುಂಡಪ್ಪನನ್ನು ಕೆಲಸದಿಂದ ತೆಗೆದರು. ಪರಿಹಾರದ ಅರ್ಜಿ ಅದೇ ಕಾರಣಕ್ಕೆ ಬಿದ್ದುಹೋಯಿತು. ಜಯೇಶನನ್ನು ದೂರದ ಇನ್ನೊಂದು ಸೈಟಿಗೆ ಎತ್ತಿಹಾಕಿದರು.

ಏಪ್ರಿಲಿನ ಒಂದು ಭಾನುವಾರ ದ್ರೌಪದಿ ಡೊಂಬಿವಲಿಗೆ ಬಂದರು. ಮಾನಸಿಯ ಅಮ್ಮ ಚಾ ಇಟ್ಟರು. ದ್ರೌಪದಿ ಕುಡಿಯಲಿಲ್ಲ.

"ಅವರು ಕಲ್ಯಾಣದ ಒಂದು ಹೋಟೆಲಲ್ಲಿ ಕೂಪನ್ ಹರೀಲಿಕ್ಕೆ ಕೂತಿದ್ದಾರೆ," ಎಂದರು. "ಹಲ್ಲಲ್ಲಿ ಕಚ್ಚಿ ಹರಿಯುದು. ಗಿರಾಕಿಗೆ ಅಸಹ್ಯ ಆಗ್ತದೆ ಅಂತ ಶೇಟ್ ಬೈತಾರಂತೆ." ಚಾ ಲೋಟವನ್ನು ಆಚೆ ಸರಿಸಿದರು. "ಮಲಗುವ ಮೊದಲು ಮೂರು ಸಲ ಗ್ಯಾಸಿನ ಕಿವಿ ತಿರುಗಿಸಿ ನೋಡುವ ಮನುಷ್ಯ ಮಾರಾಯ್ತಿ. ಅವರು ಚಾವಿ ಮರೆತರಾ? ಕೇಳಿದ್ರೆ ಬಾಯಿ ಬಿಡುದಿಲ್ಲ. ನಿಂಗೆ ಗೊತ್ತುಂಟಾ ಮಗಾ? ಒಂದು ಕಾಗದ ಬರೆದುಕೊಡು, ಸಾಕು."

"ಆಫೀಸಿನ ವಿಷಯ ಮಾಮಿ," ಎಂದಳು ಮಾನಸಿ. "ಹಾಗೆಲ್ಲ ಬರೀಲಿಕ್ಕೆ ಆಗೋದಿಲ್ಲ."

ದ್ರೌಪದಿ ಅವಳನ್ನು ನೋಡಿದರು, ಗೋಡೆಯ ಬದಿಯ ಹೊಲಿಗೆ ಮಿಷನ್ನನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಮ್ಮ ಮಾನಸಿಯ ಮುಂದೆ ಚಾ ಲೋಟ ಇಟ್ಟು, ಆ ಇಡೀ ದಿನ ಅವಳ ಜೊತೆ ಮಾತಾಡಲಿಲ್ಲ. ಮರುದಿನ ಮಾತಾಡಿದರು. ಅವಳ ಸಂಬಳದಲ್ಲಿ ನಡೆಯುವ ಮನೆ, ಎಷ್ಟು ದಿನ ಮಾತು ಬಿಡಲಾಗುತ್ತದೆ?

ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ಹತ್ತುವವರು ಚಾವಿಯನ್ನು ಲೋಕಲ್‌ಗೆ ಹಾಕಿ ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು, ತಪ್ಪಿದವರ ಮೇಲೆ ಕ್ರಮ. ಅದನ್ನು ಸೈಟಿಗೆ ಕಳಿಸಿದ್ದು ಮಾನಸಿಯೇ. ಈಗ ಅವಳು ಪಾಳಿಯ ಮುಖ್ಯಸ್ಥೆ, ಪಾಳಿಯ ಕೆಂಪು ಗಂಟೆಗಳೆಲ್ಲ ಅವಳ ಹೆಸರಿನ ಕೆಳಗೆ.

ಮೇ ಕೊನೆಯ ವಾರ ಮುಂಡಪ್ಪನ ಜಾಗಕ್ಕೆ ಬಂದ ವಾಸು ಫೋನು ಮಾಡಿದ. ಕಾರವಾರ ಕಡೆಯವನು, ಮದುವೆಯಾಗಿ ವರ್ಷವಾಗಿತ್ತು.

"ಮೇಡಂ, ಮೂವತ್ತೇಳಕ್ಕೆ ಹತ್ತುತ್ತಾ ಇದ್ದೀನಿ. ಇಲ್ಲಿ ಗೋಡೆ ಮೇಲೆ ಸುತ್ತೋಲೆ ಅಂಟ್ಸಿದಾರೆ. ಚಾವಿ ಲೋಕಲ್‌ಗೆ ಹಾಕ್ಲಾ?"

ಪರದೆಯ ಮೇಲೆ ಆ ತಿಂಗಳ ಕೆಂಪು ಆಗಲೇ ಮಿತಿಯ ಹತ್ತಿರ ಬಂದಿತ್ತು. ಹಿಂದಿನ ಸಾಲಿನಲ್ಲಿ ಸುದರ್ಶನ ಕೋಡುಬಳೆ ಮುರಿಯುವ ಸದ್ದು ಕೇಳಿಸಿತು.

"ರಿಮೋಟ್‌ನಲ್ಲೇ ಇರ್ಲಿ," ಎಂದಳು ಮಾನಸಿ. "ಹೆದರಬೇಡಿ ವಾಸು. ಇಲ್ಲಿ ನಾನು ಕೂತಿದ್ದೇನಲ್ಲ."