ಎಡಗೈ ಮೇಲೆ ಕೂತವಳು

ಔಷಧಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಇನ್ನೊಂದ್ಸಲಮ್ಮ ಎಂದೇ ಕರೆಯುತ್ತಿದ್ದರು. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಮಾತ್ರೆಯ ಪಟ್ಟಿಯನ್ನು ಎಡಗೈಯಲ್ಲಿ ಕಣ್ಣಿನ ಹತ್ತಿರ ಹಿಡಿದು, "ತಡೀರಿ, ಇನ್ನೊಂದ್ಸಲ ನೋಡ್ತೀನಿ" ಎನ್ನದೆ ಅವಳು ಏನನ್ನೂ ಕೊಟ್ಟವಳಲ್ಲ. ಗೊಣಗಿಕೊಂಡು ಹೋದವರೇ, ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಅವಳು ಇರುವ ಹೊತ್ತು ನೋಡಿಕೊಂಡು ಬರುತ್ತಿದ್ದರು. ಆದರೂ ಅವಳು ಕೊಟ್ಟದ್ದಕ್ಕೆಲ್ಲ ಸಹಿ ಹಾಕುತ್ತಿದ್ದವರು ಬೇರೆ. ಫಾರ್ಮಸಿಸ್ಟರು ಬಂದರು, ಹೋದರು. ಪ್ರತಿಯೊಬ್ಬರೂ ಹಿಂದಿನವರಿಗಿಂತ ಚಿಕ್ಕವರು. ಸಹಿಯ ಜಾಗದಲ್ಲಿ ಒಮ್ಮೆಯಾದರೂ ತನ್ನ ಹೆಸರು ಬೀಳಬೇಕು ಎನ್ನುವ ಆಸೆಯನ್ನು ಅವಳು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ.

ಹೇಳಿದ್ದು ಕಳೆದ ವರ್ಷ, ಫಾರ್ಮಸಿ ಕಾಲೇಜಿನ ಸಂಜೆ ತರಗತಿಗೆ ಪ್ರವೇಶ ಪರೀಕ್ಷೆ ಬರೆದಾಗ. ರಸಾಯನಶಾಸ್ತ್ರ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಕೈಕೊಟ್ಟದ್ದು ಗಣಿತ. ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಒಂದು ಉತ್ತರ ಬರೆಯುವುದು, ಅದನ್ನು ಹಿಂದಿನಿಂದ ಮಾಡಿ ನೋಡುವುದು, ಮತ್ತೆ ಮುಂದಿನಿಂದ ಮಾಡುವುದು. ಗಂಟೆ ಬಾರಿಸಿದಾಗ ಮಾಡಿದ ಲೆಕ್ಕಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಅರ್ಧ ಪತ್ರಿಕೆ ಹಾಗೇ ಉಳಿದಿತ್ತು, ಸೀಟು ತಪ್ಪಿತು. ಈ ವರ್ಷ ಬಿಟ್ಟರೆ ಸಂಜೆ ತರಗತಿಯೇ ಇರುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

ಸುದ್ದಿ ಕೇಳಿ ಟೊಂಕ ಕಟ್ಟಿ ನಿಂತವರು ಅತ್ತೆ. ಜೀವಮಾನವಿಡೀ ಹೊಲಿಗೆ ಅಂಗಡಿ ನಡೆಸಿದವರು. ಕಣ್ಣು ಮಂಜಾಗಿ ಕತ್ತರಿ ಕೆಳಗಿಟ್ಟ ಮೇಲೆ ಗದರಿಸಿ ಕಲಿಸಲು ಯಾರೂ ಸಿಕ್ಕದೆ ಬೇಸತ್ತಿದ್ದರು. ಅಡುಗೆಮನೆಯ ಗಿರಗಿರ ಟೈಮರನ್ನು ಮಡಿಲಲ್ಲಿಟ್ಟುಕೊಂಡು ಊಟದ ಮೇಜಿನ ತುದಿಗೆ ಕೂತರು.

"ಒಂದು ಲೆಕ್ಕಕ್ಕೆ ಒಂದೇ ನಿಮಿಷ. ಗಂಟೆ ಹೊಡೀತು ಅಂದ್ರೆ ಮುಂದಕ್ಕೆ ಹೋಗ್ಬೇಕು, ಹಿಂದೆ ತಿರುಗಿ ನೋಡೋ ಹಾಗಿಲ್ಲ."

"ಒಂದು ನಿಮಿಷದಲ್ಲಿ ಪ್ರಶ್ನೆ ಓದೋಕೇ ಆಗಲ್ಲ, ಅತ್ತೆ."

"ಗಿರಾಕಿ ಸೊಂಟದ ಅಳತೆ ನಾನು ಒಂದೇ ಸಲ ತಗೋತಿದ್ದೆ. ಇನ್ನೊಂದ್ಸಲ ಅಂತ ಟೇಪ್ ಹಿಡ್ಕೊಂಡು ಹೋದ್ರೆ ಅವರು ಒಪ್ತಿದ್ರಾ?"

ಸೊಸೆ ತಲೆ ತಗ್ಗಿಸಿದಳು. ಮೊದಲ ಲೆಕ್ಕ ಮುಗಿಯಿತು. ಎರಡನೆಯದರ ನಡುವೆ ಅವಳ ಎಡಗೈ ಮೆಲ್ಲಗೆ ಸರಿದು ಹಿಂದಿನ ಉತ್ತರದ ಮೇಲೆ ಹೋಗಿ ನಿಂತಿತು. ಕಣ್ಣೂ ಅದರ ಹಿಂದೆಯೇ ಹೋಯಿತು.

"ಮತ್ತೆ ನೋಡಿದೆ!"

"ನಾನು ನೋಡ್ಲಿಲ್ಲ, ಕೈ ಹೋಯ್ತು."

"ನಿನ್ನ ಮದುವೇಲಿ ಇಷ್ಟು ತಿರುಗಿ ನೋಡಿದ್ದಿದ್ರೆ ನನ್ನ ಮಗನ್ನ ಕಟ್ಕೋತಾನೇ ಇರ್ಲಿಲ್ಲ ನೀನು."

ಪಕ್ಕದ ಕೋಣೆಯಲ್ಲಿ ಗಂಡ ಕೆಮ್ಮಿದ. ಅತ್ತೆಗೆ ಮಾತ್ರ ರೋಗದ ಮೂಲ ಸಿಕ್ಕಿತ್ತು. ಮಾತ್ರೆಯ ಪಟ್ಟಿ ಹಿಡಿದು ಹಿಡಿದು ಆ ಎಡಗೈಗೆ ಚಾಳಿ ಅಂಟಿದೆ.

"ಕೂತ್ಕೋ ಅದರ ಮೇಲೆ," ಎಂದರು.

"ಯಾವುದರ ಮೇಲೆ?"

"ಕೈ ಮೇಲೆ ಕಣೇ! ನಿನ್ನ ಭಾರಕ್ಕೆ ಅದು ಅಲ್ಲಾಡಿದ್ರೆ ಕೇಳು."

ಮಾತು ಚುಚ್ಚಿದರೂ ಉಪಾಯ ನಾಟಿತು. ಕೈ ತೊಡೆಯಡಿ ಸಿಕ್ಕಿಕೊಂಡರೆ ಕಣ್ಣು ಹಿಂದಕ್ಕೆ ಹೋಗಲು ದಾರಿ ಕಾಣದೆ ಮುಂದಕ್ಕೆ ಹೋಗುತ್ತಿತ್ತು. ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಅವಳ ಬೆರಳುಗಳು ಜುಮುಗುಟ್ಟುತ್ತಿದ್ದವು, ಲೆಕ್ಕಗಳು ಓಡುತ್ತಿದ್ದವು.

ಪರೀಕ್ಷೆಯ ದಿನ ಗಣಿತದ ಪತ್ರಿಕೆ ಕೈಗೆ ಬಂದದ್ದೇ ತಡ, ಅವಳು ಎಡಗೈ ಮೇಲೆ ಕೂತಳು. ಶೇಕಡಾವಾರು ಮುಗಿಯಿತು, ಅನುಪಾತ ಮುಗಿಯಿತು. ಸುತ್ತಲೂ ತನಗೆ ಮಕ್ಕಳಾಗಬಹುದಾದ ವಯಸ್ಸಿನವರು ಉಗುರು ಕಚ್ಚುತ್ತಿದ್ದರು. ತಾನು ಯಾರನ್ನೋ ಹಿಂದೆ ಹಾಕುತ್ತಿದ್ದೇನೆ ಎನ್ನುವ ಪುಳಕ ಅವಳಿಗೆ ಹೊಸದು. ಅಷ್ಟರಲ್ಲಿ ಮೇಲ್ವಿಚಾರಕರು ಬಂದು ಪಕ್ಕದಲ್ಲಿ ನಿಂತರು.

"ಮೇಡಂ, ಇನ್ನೊಂದು ಕೈ ಎಲ್ಲಿ?"

"ಕೂತಿದ್ದೀನಿ ಸಾರ್, ಅದರ ಮೇಲೆ."

"ಯಾಕೆ?"

"ಬಿಟ್ರೆ ಸುಮ್ನಿರಲ್ಲ ಸಾರ್, ಅದು."

ಅವರ ಹುಬ್ಬು ಮೇಲೇರಿತು. ಏಳಿಸಿದರು. ಕುರ್ಚಿ ನೋಡಿದರು, ಕುರ್ಚಿಯ ಕೆಳಗೆ ನೋಡಿದರು, ಅಂಗೈ ತಿರುಗಿಸಿ ನೋಡಿದರು. ಅಲ್ಲಿ ಕುರ್ಚಿಯ ಬೆತ್ತದ ಗುರುತು ಬಿಟ್ಟರೆ ಏನೂ ಇರಲಿಲ್ಲ. "ಕೈ ಮೇಜಿನ ಮೇಲೇ ಇರ್ಲಿ," ಎಂದು ಹೋದರು. ಗಡಿಯಾರದ ಮುಳ್ಳು ಮಾತ್ರ ಅವಳಿಗಾಗಿ ಕಾದಿರಲಿಲ್ಲ. ಬಿಡುಗಡೆಯಾದ ಎಡಗೈ ನೇರವಾಗಿ ಮೊದಲ ಪುಟಕ್ಕೆ ಹೋಯಿತು. ಅವಳು ಅದನ್ನು ಬಲಗೈಯಿಂದಲೇ ಎಳೆದು ತಂದು ಪತ್ರಿಕೆಯ ಅಂಚಿಗೆ ಒತ್ತಿ ಇಟ್ಟಳು.

ಮುಂದಿನದು ಸಿರಪ್ಪಿನ ಲೆಕ್ಕ. ಮಗುವಿನ ತೂಕ ಇಷ್ಟು, ಒಂದು ಕಿಲೋಗೆ ಔಷಧಿ ಇಷ್ಟು, ಬಾಟಲಿಯಲ್ಲಿ ಇರುವುದು ಇಷ್ಟು. ಉತ್ತರ ಥಟ್ಟನೆ ಬಂತು, ಅವಳ ಪೆನ್ನೂ ಥಟ್ಟನೆ ನಿಂತಿತು. ಲೆಕ್ಕದ ಪ್ರಕಾರ ಆ ಕೂಸಿಗೆ ಕುಡಿಸಬೇಕಾದದ್ದು ಅರ್ಧ ಬಾಟಲಿ! ಅಂಗಡಿಯಾಗಿದ್ದರೆ ಅವಳು ಡಾಕ್ಟರಿಗೆ ಫೋನ್ ಮಾಡದೆ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ. ತಾಯಿ ಎದುರಿಗೇ ನಿಂತು ಸೆರಗಿನಿಂದ ಮಗುವಿನ ಮೂಗು ಒರೆಸುತ್ತಿರುವಂತೆ ಅನಿಸಿತು. ಎದುರಿಗೆ ಇದ್ದದ್ದು ಗೋಡೆ. ಅವಳು ಕಣ್ಣು ಮುಚ್ಚಿ ಉತ್ತರ ಗುರುತು ಹಾಕಿ, "ಕುಡೀಬೇಡ ಕಂದಾ," ಎಂದಳು.

"ಯಾರ ಜೊತೆ ಮಾತು?" ಎಂದು ದೂರದಿಂದ ದನಿ ಬಂತು.

ಕೊನೆಯ ಎರಡು ಲೆಕ್ಕ ಉಳಿದಿರುವಾಗ ಹಾಳೆ ಕಸಿಯಲು ಬಂದರು. ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ಅತ್ತೆ ಗಿಣಿಪಾಠ ಮಾಡಿಸಿದ್ದರು. ಪ್ರಶ್ನೆಯನ್ನು ಓದದೆಯೇ ಅವಳು ಎರಡು ಕಡೆ ಗುರುತು ಎಳೆದಳು. ನೋಡದೆ ಏನನ್ನಾದರೂ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಫಲಿತಾಂಶ ಬಂತು. ಸೀಟು ಸಿಕ್ಕಿತ್ತು, ಕೂದಲೆಳೆಯ ಅಂತರದಲ್ಲಿ. ಗಂಡ ಅಕ್ಕಪಕ್ಕದವರಿಗೆಲ್ಲ ಹೇಳಿ ಬರಲು ಹೋದ. ಅವಳು ಕಾಲೇಜಿನವರು ಕೊಟ್ಟ ಸರಿಯುತ್ತರಗಳ ಹಾಳೆಯನ್ನು ಮುಂದಿಟ್ಟುಕೊಂಡು ಮೇಜಿನ ಹತ್ತಿರ ಕೂತೇ ಇದ್ದಳು, ಮುಖ ಸಪ್ಪಗೆ ಮಾಡಿಕೊಂಡು.

"ಏನಾಯ್ತೇ? ಯಾರೋ ಸತ್ತ ಹಾಗೆ ಕೂತಿದ್ದೀಯ?"

"ಕೊನೇ ಎರಡು ಓದ್ದೇ ಗೀಚಿದ್ನಲ್ಲ ಅತ್ತೆ, ಅದರಲ್ಲಿ ಒಂದು ಸರಿಯಾಗಿಬಿಟ್ಟಿದೆ. ಆ ಒಂದು ಅಂಕ ಇಲ್ದಿದ್ರೆ ಸೀಟೇ ಇಲ್ಲ."

"ಒಳ್ಳೇದಾಯ್ತಲ್ಲ!"

"ಏನು ಒಳ್ಳೇದು? ಅಂದಾಜಲ್ಲಿ ಸಿಕ್ಕಿದ ಸೀಟು. ನಾಳೆ ಅಂಗಡೀಲಿ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅತ್ತೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ನಾನು ಮೊದಲನೇ ಅಂಗಿ ಕತ್ತರಿಸಿದ್ದು ಅಂದಾಜಲ್ಲೇ ಕಣೇ. ಯಾರಿಗೂ ಹೇಳ್ಲಿಲ್ಲ. ಅಂಗಡಿ ನಡೀತು."

"ಅಂಗಿ ಬಿಗಿಯಾದ್ರೆ ಯಾರೂ ಸಾಯಲ್ಲ, ಅತ್ತೆ."

"ಗೊತ್ತು," ಎಂದರು ಅತ್ತೆ. "ಅದಕ್ಕೇ ನನ್ನನ್ನ ಯಾರೂ ಕಾಲೇಜಿಗೆ ಕಳಿಸ್ಲಿಲ್ಲ. ನಿನ್ನನ್ನ ಕಳಿಸ್ತಿದ್ದೀವಿ. ಎದ್ದು ಮುಖ ತೊಳ್ಕೋ."