ಗಾಜಿನ ಆಚೆ ನಿಂತವರು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷಗಳಿಂದ ಅವಳದು ಒಂದೇ ಕೆಲಸ, ಕಂಪ್ಯೂಟರಿನಲ್ಲಿ ಬೆಳಕನ್ನು ಬಗ್ಗಿಸುವುದು. ಒಣ ಕೋಣೆಯಲ್ಲಿ ತೆಗೆದ ಹುಡುಗಿಯ ಫೋಟೋ ಬಂದರೆ ಅದರ ಮೇಲೆ ಅಲೆ ಹರಿಸಿ ಅವಳನ್ನು ಕೊಳಕ್ಕೆ ಇಳಿಸುವಳು. ಸೆಂಟಿನ ಸೀಸೆಯ ಹಿಂದೆ ಇಲ್ಲದ ಹೂವನ್ನು ಇಟ್ಟು, ಗಾಜಿನ ದಪ್ಪಕ್ಕೆ ತಕ್ಕಂತೆ ಅದರ ದಂಟನ್ನು ಮುರಿದು ತೋರಿಸುವಳು. "ಇವಳ ಕೈಗೆ ಸಿಕ್ಕಿದ್ದು ಯಾವುದೂ ನೆಟ್ಟಗಿರಲ್ಲ" ಎಂದು ಮಾಲೀಕರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ಅಂತ ಅವಳು ಕೇಳಲು ಹೋಗಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಕತ್ತಿನಲ್ಲಿ ಸರದ ಹಾಗೆ ಅಳತೆ ಟೇಪು ನೇತಾಡುತ್ತಿತ್ತು. ತೆಗೆಯಲು ಮರೆತಿದ್ದಳೋ, ಅಭ್ಯಾಸವೋ. ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟ ಟೈಲರಮ್ಮ ಅವಳು. ಒಂದು ಪೆನ್ ಡ್ರೈವನ್ನು ಮೇಜಿನ ಮೇಲೆ ಇಟ್ಟು, "ನೀವು ಚಿತ್ರಾನ ಗಾಜಿನ ಹಿಂದೆ ಹಾಕ್ತೀರಂತೆ. ಗಾಜಿನ ಹಿಂದೆ ಇರೋರನ್ನ ಈಚೆ ತರೋಕೆ ಆಗುತ್ತಾ?" ಎಂದಳು.

ಫೋಟೋ ಏಳು ವರ್ಷ ಹಳೆಯದು. ಟೈಲರಮ್ಮನ ತಂಗಿ ಮಗಳು ಹೊಸ ಕ್ಯಾಮರಾ ಕೊಂಡ ಹುಮ್ಮಸ್ಸಿನಲ್ಲಿ ತೆಗೆದದ್ದು. ಮುಂದೆ ಟೈಲರಮ್ಮ ಹೊಲಿಗೆ ಮಷೀನಿನ ಮೇಲೆ ಬಗ್ಗಿದ್ದಾಳೆ. ಅವಳ ಹಿಂದೆ ಮನೆಯ ಮುಂಬಾಗಿಲು, ಅದರ ತುಂಬ ಉದ್ದುದ್ದ ಏಣುಗಳಿರುವ ಗಾಜು. ಗಾಜಿನ ಆಚೆ ಯಾರೋ ನಿಂತಿದ್ದಾರೆ. ಕತ್ತರಿಸಿದ ಕಾಗದದ ಪಟ್ಟಿಗಳನ್ನು ಅಡ್ಡಾದಿಡ್ಡಿ ಅಂಟಿಸಿದ ಹಾಗೆ ಕಾಣುವ ಒಂದು ಆಕಾರ, ಅಷ್ಟೇ.

"ನಂಗೆ ಇಬ್ಬರು ಮಕ್ಕಳು" ಎಂದಳು ಟೈಲರಮ್ಮ. "ಮಗ ಗಾಡಿ ಓಡಿಸ್ತಿದ್ದ, ಮಗಳು ಹಿಂದೆ ಕೂತಿದ್ದಳು. ಲಾರಿ ತಗುಲಿತು. ಮಗಳು ಹೋದಳು, ಅವನಿಗೆ ಒಂದು ಗೀರೂ ಆಗಲಿಲ್ಲ. ನಮ್ಮ ಯಜಮಾನ್ರು ಅವನಿಗೆ 'ನನ್ನ ಕಣ್ಣಿಗೆ ಬೀಳಬೇಡ' ಅಂದ್ರು. ಹೋದ. ನಾಲ್ಕು ವರ್ಷ ಸುದ್ದಿಯಿಲ್ಲ. ಈ ಫೋಟೋ ತೆಗೆದು ಎರಡು ತಿಂಗಳಿಗೆ, ಯಾವುದೋ ಊರಲ್ಲಿ ಜ್ವರ ಬಂದು ಸತ್ತ ಅಂತ ಕಾಗದ ಬಂತು."

"ಅವತ್ತು ಯಾರಾದ್ರೂ ಬೆಲ್ ಮಾಡಿದ್ರಾ?"

"ಮಷೀನ್ ಸದ್ದು. ಏನೂ ಕೇಳಿಸಲಿಲ್ಲ. ಯಜಮಾನ್ರು ಒಳಗೆ ಮಲಗಿದ್ರು. ಕೊರಿಯರ್‌ನವನಿರಬೇಕು ಅಂತಾರೆ. ಇರಬಹುದು. ಏಳು ವರ್ಷದಿಂದ ನಾನೂ ಹಾಗೇ ಅಂದ್ಕೊಳ್ತಿದೀನಿ, ತಾಯಿ. ಆದರೆ ಬಾಗಿಲಿಗೆ ಬೆನ್ನು ಹಾಕಿ ಕೂತಾಗೆಲ್ಲ ಯಾರೋ ಹಿಂದೆ ನಿಂತ ಹಾಗಾಗುತ್ತೆ."

ಆಗಲ್ಲ ಎನ್ನಲು ಗಾಜಕ್ಕ ಬಾಯಿ ತೆರೆದಿದ್ದಳು. ಬದಲಿಗೆ, "ಆ ಬಾಗಿಲು ಈಗಲೂ ಇದೆಯಾ?" ಎಂದು ಕೇಳಿದಳು.

ಬಾಗಿಲು ಇತ್ತು. ಹಾಗಿದ್ದರೆ ದಾರಿಯೂ ಇತ್ತು.

ಚಿತ್ರವನ್ನು ಗಾಜಿನ ಹಿಂದೆ ಹಾಕುವ ವಿದ್ಯೆ ಹೊರಗಿನವರು ಅಂದುಕೊಂಡಷ್ಟು ಮಾಯವೇನಲ್ಲ. ಅದಕ್ಕೆ ಒಂದು ಬೂದು ಚಿತ್ರ ಬೇಕು. ಅದರಲ್ಲಿ ಬಿಳಿ ಇದ್ದ ಕಡೆ ಫೋಟೋದ ಚುಕ್ಕೆಗಳು ಒಂದು ಬದಿಗೆ ಸರಿಯುತ್ತವೆ, ಕಪ್ಪು ಇದ್ದ ಕಡೆ ಇನ್ನೊಂದು ಬದಿಗೆ. ನಡುವಿನ ಬೂದು ಇದ್ದಲ್ಲಿ ಅಲುಗುವುದಿಲ್ಲ. ಗಾಜಿನ ಏಣು ಎಲ್ಲಿ ಎಷ್ಟು ತಳ್ಳುತ್ತದೆ ಎಂದು ಗೊತ್ತಾದರೆ, ಅಷ್ಟನ್ನೇ ಹಿಂದಕ್ಕೆ ತಳ್ಳಬಹುದು. ಇಷ್ಟು ವರ್ಷ ಅವಳು ಹಾಗೆ ತಿರುಗಿಸಿ ಮಾಡಿರಲಿಲ್ಲ. ಯಾರೂ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಕ್ಯಾಮರಾ ಹೊತ್ತು ಆ ಮನೆಗೆ ಹೋದಳು. ಬಾಗಿಲು ತೆಗೆದವರು ಟೈಲರಮ್ಮನ ಗಂಡ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ಹಸಿರು ಸ್ವೆಟರ್ ಹಾಕಿದ್ದರು. ಅವರು ತಿರುಗಿ ಒಳಗೆ ನಡೆದಾಗ, ಬೆನ್ನ ಮೇಲೆ ಹೆಗಲಿನ ಹತ್ತಿರ ಅಂಗೈಯಗಲ ಬೇರೆ ನೂಲಿನಲ್ಲಿ ರಫು ಮಾಡಿದ್ದು ಕಂಡಿತು. ಅವಳ ನೋಟ ಅಲ್ಲಿದ್ದದ್ದನ್ನು ಕಂಡು ಟೈಲರಮ್ಮ, "ಅದೇ ಬಣ್ಣ ಸಿಗಲಿಲ್ಲ. ಹೊಸದು ಹೆಣೆದುಕೊಟ್ಟರೆ ಮುಟ್ಟಲ್ಲ ಮಹಾರಾಯರು. ಹತ್ತು ವರ್ಷದಿಂದ ಇದೇ" ಎಂದಳು. ಡ್ರೈವರು ಒಳಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡರು.

ಹಳೆಯ ಫೋಟೋ ನೋಡಿ, ನೆಲದ ಟೈಲ್ಸ್ ಎಣಿಸಿ, ಗಾಜಕ್ಕ ಕ್ಯಾಮರಾವನ್ನು ಅಂದು ಇದ್ದ ಜಾಗದಲ್ಲೇ ನಿಲ್ಲಿಸಿದಳು. ಚೌಕಳಿ ಗೆರೆ ಎಳೆದ ದೊಡ್ಡ ಹಾಳೆಯನ್ನು ಟೈಲರಮ್ಮನ ಕೈಗೆ ಕೊಟ್ಟು, ಬಾಗಿಲ ಆಚೆ ಗಾಜಿಗೆ ಒತ್ತಿ ಹಿಡಿದುಕೊಳ್ಳಲು ಹೇಳಿದಳು. ಬಾಗಿಲು ಹಾಕಿದಾಗ ಟೈಲರಮ್ಮನೂ ಪಟ್ಟಿ ಪಟ್ಟಿಯಾಗಿ ಒಡೆದುಹೋದಳು. ಹಾಳೆಯ ಎರಡು ಅಂಚಿನಲ್ಲಿ ಬೆರಳುಗಳಷ್ಟೇ ಬೆರಳಾಗಿ ಉಳಿದವು.

ಸ್ಟುಡಿಯೋಗೆ ಬಂದು ಸೊಟ್ಟಗಾದ ಚೌಕಗಳನ್ನು ಅಳೆದು ಬೂದು ಚಿತ್ರ ಮಾಡಿದಳು. ಹಳೆಯ ಫೋಟೋದ ಮೇಲೆ ಅದನ್ನು ಹಾಕಿ, ಎಷ್ಟು ತಳ್ಳಬೇಕೆಂದು ಹೇಳುವ ಸ್ಲೈಡರನ್ನು ಮೌಸಿನಿಂದ ಹಿಂದಕ್ಕೆ ಎಳೆದಳು. ಪಟ್ಟಿಗಳು ಒಂದೊಂದಾಗಿ ಪಕ್ಕದ ಪಟ್ಟಿಗೆ ಹೊಂದಿಕೊಂಡವು. ಕೊನೆಗೆ ಕಂಡದ್ದು ಮುಖವಲ್ಲ, ಗಾಜಿಗೆ ಆತುಕೊಂಡ ಒಂದು ಬೆನ್ನು. ಹಸಿರು ಬೆನ್ನು. ಹೆಗಲಿನ ಹತ್ತಿರ ಬೇರೆ ನೂಲಿನ ರಫು.

ಮನೆಯ ಯಜಮಾನ ತನ್ನ ಬಾಗಿಲಿನ ಆಚೆ ನಿಂತಿದ್ದಾನೆ, ಒಳಗೆ ಬರುವವನ ಹಾಗಲ್ಲ, ಯಾರನ್ನೋ ತಡೆಯುವವನ ಹಾಗೆ. ರಫುವಿನ ಪಕ್ಕದಲ್ಲಿ ನಾಲ್ಕು ತುಂಡುಗಳು ಇನ್ನೂ ಚೆಲ್ಲಾಪಿಲ್ಲಿಯಾಗಿದ್ದವು. ಬೆನ್ನಿಗಿಂತ ಆಚೆ ಇದ್ದದ್ದಕ್ಕೆ ಈ ಅಳತೆ ಸಾಲದು. ಗಾಜಿನಿಂದ ದೂರವಾದಷ್ಟೂ ಬೆಳಕು ಹೆಚ್ಚು ಸರಿಯುತ್ತದೆ. ಇನ್ನೊಂದು ಸಲ ಹಾಳೆ ಹಿಡಿಸಬೇಕು, ಒಂದು ಹೆಜ್ಜೆ ಆಚೆಗೆ.

ಮತ್ತೆ ಹೋದಾಗ ಅವಳು ಟೈಲರಮ್ಮನಿಗೆ ಏನೂ ಹೇಳಲಿಲ್ಲ, "ಇನ್ನೊಂದು ಅಳತೆ ಬೇಕಿತ್ತಮ್ಮ" ಎಂದಷ್ಟೇ. ಅಳತೆ ಎಂದರೆ ಟೈಲರಮ್ಮನಿಗೆ ಅರ್ಥವಾಗುತ್ತಿತ್ತು. ಏಕೆಂದು ಕೇಳದೆ ಹಾಳೆ ಹಿಡಿದಳು. ಒಳಕೋಣೆಯ ಕದದ ಸಂದಿಯಲ್ಲಿ ಎರಡು ಪಾದ ಕಾಣುತ್ತಿದ್ದವು. ಗಾಜಕ್ಕ ಹೊರಡುವವರೆಗೂ ಅವು ಕದಲಲಿಲ್ಲ.

ಎರಡನೆಯ ಅಳತೆಗೆ ಆ ನಾಲ್ಕು ತುಂಡುಗಳು ನಾಲ್ಕು ಬೆರಳಾದವು. ಎದುರಿಗೆ ನಿಂತವನು ಮುದುಕನ ಹೆಗಲ ಮೇಲೆ ಕೈ ಇಟ್ಟಿದ್ದ. ಮುದುಕನ ಕಿವಿಯ ಪಕ್ಕದಲ್ಲಿ, ಅವನಿಗಿಂತ ಗೇಣು ಎತ್ತರದಲ್ಲಿ, ಅರ್ಧ ಕೆನ್ನೆ, ಒಂದು ಹುಬ್ಬು, ಒಂದು ಕಣ್ಣು ಕೂಡಿಕೊಂಡವು. ಆ ಕಣ್ಣು ತಂದೆಯನ್ನು ನೋಡುತ್ತಿರಲಿಲ್ಲ. ಅವನ ಭುಜ ದಾಟಿ, ಗಾಜು ದಾಟಿ, ಒಳಗೆ ನೋಡುತ್ತಿತ್ತು. ಈಗ ಪರದೆಯ ಮುಂದೆ ಕೂತ ಗಾಜಕ್ಕನನ್ನು ನೋಡುತ್ತಿತ್ತು.

ಅವತ್ತು ಅವಳು ಮನೆಗೆ ಹೋದವಳೇ ಬಚ್ಚಲ ಬಾಗಿಲಿನ ಮಬ್ಬು ಗಾಜಿಗೆ ಹಳೆಯ ಟವೆಲ್ ಕಟ್ಟಿದಳು. ಮನೆಯಲ್ಲಿ ಜೊತೆಗಿದ್ದ ಅವಳ ಅಕ್ಕ ಏಕೆ ಎಂದು ಕೇಳಿದ್ದಕ್ಕೆ, "ಗಾಳಿ ಬರುತ್ತೆ" ಎಂದಳು. ಗಾಜಿನಲ್ಲಿ ಎಂಥ ಗಾಳಿ ಎಂದು ಅಕ್ಕ ನಕ್ಕಳು.

ಮರುದಿನ ಹತ್ತು ಗಂಟೆಗೆ ಡ್ರೈವರು ಒಬ್ಬರೇ ಸ್ಟುಡಿಯೋಗೆ ಬಂದರು. ಕೂತುಕೊಳ್ಳಲಿಲ್ಲ.

"ನಾನಿದೀನಾ ಅದರಲ್ಲಿ?"

"ಇದೀರಿ, ಯಜಮಾನ್ರೇ."

"ಅವನು?"

"ಅವರೂ ಇದಾರೆ."

ಮುದುಕರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅವನು ಗೇಟು ತೆಗೆದಿದ್ದು ಕಿಟಕಿಯಿಂದ ನೋಡ್ದೆ. ಹಿತ್ತಿಲಿಂದ ಸುತ್ತಿ ಹೋಗಿ ಅಡ್ಡ ನಿಂತೆ. 'ನಿನ್ನ ನೋಡಿದ್ರೆ ನಿಮ್ಮಮ್ಮ ಎದೆ ಒಡೆದು ಸಾಯ್ತಾಳೆ, ಬರಬೇಡ' ಅಂದೆ. ಸುಳ್ಳು. ಅವಳು ದಿನಾ ದಾರಿ ಕಾಯ್ತಿದ್ದಳು. ನೋಡೋಕಾಗದೇ ಇದ್ದಿದ್ದು ನಂಗೆ. ನಾನು ಬಸ್ಸಲ್ಲಿ ಒಂದು ನಾಯಿಗೂ ಏಟು ಮಾಡಿದೋನಲ್ಲ. ನನ್ನ ಮಗ, ನನ್ನ ಮಗಳನ್ನ..."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಹೆಗಲ ಮೇಲೆ ಕೈ ಇಟ್ಟ. ಕೊಡವಿಬಿಟ್ಟೆ. ಹೋದ." ಅವರು ಅವಳ ಕಡೆ ತಿರುಗಿದರು. "ನೀವು ಬಗ್ಗಿಸೋರಂತಲ್ಲ. ಇದನ್ನೂ ಒಂಚೂರು ಬಗ್ಗಿಸಿಬಿಡಿ. ಯಾರೋ ಕೊರಿಯರ್‌ನವನು ಅನ್ನೋ ಹಾಗೆ ಮಾಡಿ. ಅವಳಿಗೆ ಈ ವಯಸ್ಸಲ್ಲಿ ಇದು ಬೇಕಾ?"

ಗಾಜಕ್ಕನಿಗೆ ಅದು ಅರ್ಧ ಗಂಟೆಯ ಕೆಲಸ. ಸ್ವೆಟರಿನ ಬಣ್ಣ ಬದಲಿಸಿ, ಕೈಯನ್ನು ಒರೆಸಿ, ಒಂದು ಚೀಲ ಕೂರಿಸಿದರೆ ಮುಗಿಯಿತು. ಹದಿನಾರು ವರ್ಷ ಇಲ್ಲದ್ದನ್ನು ಇದ್ದ ಹಾಗೆ ಮಾಡಿದವಳು, ಇದ್ದದ್ದನ್ನು ಇಲ್ಲವಾಗಿಸಿದವಳು. ಹ್ಞೂಂ ಎಂದುಬಿಡುತ್ತಿದ್ದಳೇನೋ. ಆದರೆ ಆ ಒಂದು ಕಣ್ಣು ಪರದೆಯಲ್ಲಿ ಇನ್ನೂ ತೆರೆದೇ ಇತ್ತು.

"ಮಾಡಬಹುದು" ಎಂದಳು. "ಆದ್ರೆ ಅದನ್ನ ಅಮ್ಮ ಗೋಡೆಗೆ ಹಾಕ್ಕೊಂಡ್ರೆ, ದಿನಾ ಅದರ ಮುಂದೆ ಓಡಾಡೋರು ನೀವು. ಮುಂದಿನ ಗುರುವಾರ ಹನ್ನೊಂದಕ್ಕೆ ಅಮ್ಮ ಚಿತ್ರ ತಗೊಳ್ಳೋಕೆ ಬರ್ತಾರೆ. ಅಷ್ಟರೊಳಗೆ ನೀವೇ ಹೇಳಿಬಿಡಿ. ಈ ಕಂಪ್ಯೂಟರ್ ಬಾಯಲ್ಲಿ ಹೇಳಿಸಬೇಡಿ."

ಅವರು ಮೆಟ್ಟಿಲು ಇಳಿದು ಹೋದರು.

ಗುರುವಾರ ಟೈಲರಮ್ಮ ಹತ್ತು ನಿಮಿಷ ಮೊದಲೇ ಬಂದಳು. ಚಿತ್ರ ಹಾಕಿಟ್ಟ ಲಕೋಟೆ ಕೈಗೆ ಕೊಟ್ಟರೆ ತೆರೆಯಲಿಲ್ಲ.

"ಹೇಳಿದ್ರು. ಊಟಕ್ಕೆ ಕೂತಾಗ ತಟ್ಟೆ ನೋಡ್ಕೊಂಡೇ ಹೇಳಿದ್ರು" ಎಂದಳು. "ನಾನು ಬೈಯಲಿಲ್ಲ. ಬೈಗುಳ ಬರಲಿಲ್ಲ. ಎದ್ದು ಹೊರಗೆ ಹೋಗಿ ಬಾಗಿಲು ಹಾಕ್ಕೊಂಡು, ಅವನು ನಿಂತಿದ್ದ ಕಡೆ ನಿಂತೆ. ಅಲ್ಲಿಂದ ಒಳಗೆ ಹೇಗೆ ಕಾಣುತ್ತೆ ಅಂತ ನೋಡ್ದೆ. ಮಷೀನ್ ಕಾಣುತ್ತೆ, ತಾಯಿ. ಗೆರೆ ಗೆರೆಯಾಗಿ ಆದ್ರೂ ಕಾಣುತ್ತೆ. ಅಂದ್ರೆ ಅವನಿಗೆ ನಾನು ಕಂಡಿರ್ತೀನಿ."

"ಕಂಡಿದೀರಿ" ಎಂದಳು ಗಾಜಕ್ಕ. "ಅವರ ಕಣ್ಣು ನಿಮ್ಮ ಕಡೇನೇ ಇದೆ."

ಟೈಲರಮ್ಮ ಆಗ ಲಕೋಟೆ ತೆರೆದಳು. ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನಿಂದ ಆ ಬೆರಳುಗಳನ್ನು, ಬಟ್ಟೆಯ ಸುಕ್ಕು ಬಿಡಿಸುವ ಹಾಗೆ, ಸವರಿದಳು. "ಕೈ ಒಂದನ್ನೇ ದೊಡ್ಡದು ಮಾಡಿಕೊಡಿ. ಮುಖ ಬೇಡ. ಮುಖ ನಂಗೆ ನೆನಪಿದೆ" ಎಂದಳು.

ಕೈಯ ಚಿತ್ರ ಮಷೀನಿನ ಎದುರಿನ ಗೋಡೆಗೆ ಬಂತು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಉಳಿದರು. ಟೈಲರಮ್ಮ ಊಟ ಬಡಿಸುತ್ತಾಳೆ, ಔಷಧಿ ಕೊಡುತ್ತಾಳೆ, ಮಾತು ಮಾತ್ರ ನಿಂತಿದೆ ಎಂದು ಬಟ್ಟೆ ಹೊಲಿಸಲು ಹೋಗಿದ್ದ ಅಕ್ಕ ಬಂದು ಗಾಜಕ್ಕನಿಗೆ ಹೇಳಿದಳು. ಮಷೀನನ್ನು ಈಗ ಬಾಗಿಲ ಕಡೆ ಮುಖ ಮಾಡಿ ತಿರುಗಿಸಿಕೊಂಡಿದ್ದಾಳಂತೆ.

ಡ್ರೈವರು ಒಂದು ದಿನ ಮತ್ತೆ ಸ್ಟುಡಿಯೋಗೆ ಬಂದರು. ಅವತ್ತು ಕೂತರು.

"ಒಂದು ಸಲ ತೋರಿಸ್ತೀರಾ? ಮನೇಲಿ ಬರೀ ಕೈ ಇದೆ."

ಅವಳು ಫೈಲು ತೆರೆದಳು. ಸ್ಲೈಡರ್ ಎಳೆದಂತೆ ಪಟ್ಟಿಗಳು ಕೂಡಿಕೊಂಡು ಮಗ ಬಂದ. ಮುದುಕರು ಮುಂದೆ ಬಾಗಿ ನೋಡಿದರು. ಗಾಜಕ್ಕ ಮುಚ್ಚಲು ಸ್ಲೈಡರನ್ನು ವಾಪಸು ತಳ್ಳಿದಾಗ ಮಗ ಒಡೆದು ಹೋದ.

"ಇನ್ನೊಂದು ಸಲ" ಎಂದರು.

ಆಮೇಲೆ ಅವರು ವಾರಕ್ಕೊಮ್ಮೆ ಬರತೊಡಗಿದರು. ಮಾಲೀಕರು ಮೊದಲು ಗೊಣಗಿದರು, ಒಂದು ಸಲ ಬಾಗಿಲಲ್ಲಿ ನಿಂತು ನೋಡಿದ ಮೇಲೆ ಸುಮ್ಮನಾದರು. ಗಾಜಕ್ಕ ಈಗ ಸ್ಲೈಡರನ್ನು ಅವರ ಕೈಗೇ ಕೊಟ್ಟಿದ್ದಾಳೆ. ಬಸ್ಸಿನ ಗೇರು ಹಿಡಿದ ಆ ಕೈ ಮೌಸನ್ನು ಬಹಳ ನಿಧಾನ ಎಳೆಯುತ್ತದೆ. ಅವಳು ಪಕ್ಕದ ಮೇಜಿನಲ್ಲಿ ಇನ್ಯಾವುದೋ ಸೀಸೆಯ ಹೊಳಪು ತಿದ್ದುತ್ತ, ಆ ಕಡೆ ನೋಡದಿರಲು ಯತ್ನಿಸುತ್ತಾಳೆ. ಆದರೂ ಅವರು ಪಿಸುಗುಡುವುದು ಅವಳಿಗೆ ಕೇಳಿಸುತ್ತದೆ.

"ಬಾ, ಒಳಗೆ ಬಾ."