ಕಲ್ಲಂಗಡಿಯ ಮೇಲೆ ಹಾಲು

ಎಲಿಹಿಯೋ ಮರಗೆಣಸಿನ ಹೊಲದಲ್ಲಿ ಸತ್ತುಬಿದ್ದಿದ್ದಾನೆಂಬ ಸುದ್ದಿ ಬಂದ ದಿನ ಅವನ ಹೆಂಡತಿ ಬ್ರಾಉಲಿಯಾ ಮೊದಲು ಮಾಡಿದ್ದು, ಬೆಳಿಗ್ಗೆ ಅವನು ಕುಡಿದಿಟ್ಟಿದ್ದ ಲೋಟವನ್ನು ತೊಳೆದದ್ದು. ಅಳು ಆಮೇಲೆ ಬಂತು.

ಆ ಬೆಳಿಗ್ಗೆ ಅವನು ಅರ್ಧ ಕಲ್ಲಂಗಡಿ ತಿಂದಿದ್ದ. ಕಣ್ಣಾರೆ ಕಂಡೂ, ಮಾತಿನ ಭರದಲ್ಲಿ ಮರೆತು, ಅವಳು ಹಾಲು ಹಾಕಿದ ಬಿಸಿ ಕೊಸಿದೋ ಕಷಾಯ ಕೊಟ್ಟಿದ್ದಳು. ಕಲ್ಲಂಗಡಿಯ ಮೇಲೆ ಹಾಲು ಬಿದ್ದರೆ ಹೊಟ್ಟೆಯಲ್ಲಿ ಗಟ್ಟಿಯಾಗಿ ಪ್ರಾಣ ತೆಗೆಯುತ್ತದೆಂದು ಆ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಡಾಕ್ಟರು ಹೃದಯ ನಿಂತಿತು ಎಂದರು. ಅದನ್ನು ನಿಲ್ಲಿಸಿದವಳು ತಾನೆಂದು ಅವಳು ಯಾರಿಗೂ ಹೇಳಲಿಲ್ಲ.

ಅವನ ಆತ್ಮಕ್ಕಾಗಿ ಒಂಬತ್ತು ದಿನಗಳ ಪ್ರಾರ್ಥನೆ ಮೊದಲಾಯಿತು. ಬಂದವರಿಗೆ ಎಂಟು ದಿನವೂ ಹಾಲಿಲ್ಲದ ಕೊಸಿದೋವನ್ನೇ ಕೊಟ್ಟಳು.

“ಹಸುನೂ ಶೋಕ ಮಾಡ್ತಿದ್ಯೇನಮ್ಮಾ?” ಎಂದು ಪಕ್ಕದ ಮನೆಯ ಮುದುಕ ಬೆನೀತೆಸ್ ಚುಚ್ಚಿದ.

ಒಂಬತ್ತನೆಯ ದಿನ ಮಧ್ಯಾಹ್ನ ಎಲಿಹಿಯೋನ ಅಕ್ಕ ಡೆಲ್ಫಿನಾ ತಾನೇ ಹಾಲು ಹಿಡಿದು ಅಡುಗೆಮನೆಗೆ ಬಂದಳು. ಬ್ರಾಉಲಿಯಾ ಎರ್ಬಾ ಎಲೆಯ ಪುಡಿಗೆ ಸಕ್ಕರೆ ಬೆರೆಸಿ, ಒಲೆಯ ಕೆಂಡ ಹಾಕಿ ಕಲಕುತ್ತಿದ್ದಳು. ಸಕ್ಕರೆ ಸುಟ್ಟು ಹೊಗೆ ಎದ್ದಿತು. ನೀರು ಹೊಯ್ದು, ಕುದಿಸಿ, ಬಟ್ಟೆಯಲ್ಲಿ ಸೋಸಿದಳು. ಡೆಲ್ಫಿನಾ ಹಾಲಿನ ಪಾತ್ರೆ ಎತ್ತಿದಾಗ ಬ್ರಾಉಲಿಯಾ ಅವಳ ಕೈ ಹಿಡಿದುಕೊಂಡಳು.

“ಬೇಡ ಅತ್ತಿಗೆ! ಅವರನ್ನ ಕೊಂದೋಳು ನಾನೇ.”

ಎಲ್ಲವನ್ನೂ ಹೇಳಿದಳು. ಈಗ ಅತ್ತಿಗೆ ಕೂಗುತ್ತಾಳೆ, ಅಂಗಳದಲ್ಲಿ ಕೂತವರೆಲ್ಲ ಒಳಗೆ ನುಗ್ಗುತ್ತಾರೆ ಎಂದುಕೊಂಡಳು.

ಡೆಲ್ಫಿನಾ ಹಾಲಿನ ಪಾತ್ರೆ ಕೆಳಗಿಟ್ಟಳು. “ನಮ್ಮಪ್ಪನೂ ಹೀಗೇ ಎದೆ ಹಿಡ್ಕೊಂಡು ಹೋದ. ಆಗ ಚಳಿಗಾಲ ಕಣೇ, ಕಲ್ಲಂಗಡಿ ಎಲ್ಲಿತ್ತು? ಆದ್ರೆ ಬಾಯಲ್ಲಿ ಹೇಳಿದ್ರೆ ನೀನು ನಂಬೋಳಲ್ಲ.”

ಮೂಲೆಯಲ್ಲಿದ್ದ ಕಲ್ಲಂಗಡಿಯನ್ನು ಕೊಯ್ದು ದೊಡ್ಡ ಹೋಳೊಂದನ್ನು ತಿಂದಳು. ಕೊಸಿದೋಗೆ ಹಾಲು ಸುರಿದು ಲೋಟ ಎತ್ತಿದಳು.

“ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ!”

“ನಂಗೂ ಹೆದರಿಕೆ ಇದೆ, ಸುಮ್ನಿರೇ,” ಎಂದು ಗಟಗಟನೆ ಕುಡಿದುಬಿಟ್ಟಳು.

ಹತ್ತು ಹತ್ತು ಮಣಿಗಳ ಐದು ಸುತ್ತಿನ ಜಪಸರ ಶುರುವಾಯಿತು. ಬ್ರಾಉಲಿಯಾಳ ಕಣ್ಣು ಅತ್ತಿಗೆಯ ಮುಖ ಬಿಟ್ಟು ಕದಲಲಿಲ್ಲ. ಎರಡನೆಯ ಹತ್ತರಲ್ಲಿ ಡೆಲ್ಫಿನಾ ಕೆಮ್ಮಿದಳು. ಮೂರನೆಯದರಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಬ್ರಾಉಲಿಯಾ ಅರ್ಧ ಎದ್ದಳು. ಡೆಲ್ಫಿನಾ ತೇಗಿ, ಕಣ್ಸನ್ನೆಯಲ್ಲೇ ಕೂರಿಸಿದಳು. ಐದನೆಯ ಹತ್ತೂ ಮುಗಿಯಿತು. ಡೆಲ್ಫಿನಾಳ ದನಿ ಎಲ್ಲರಿಗಿಂತ ಜೋರಾಗಿಯೇ ಇತ್ತು.

ಒಂಬತ್ತು ದಿನಗಳಲ್ಲಿ ಮೊದಲ ಸಲ ಬ್ರಾಉಲಿಯಾ ಪ್ರಾರ್ಥನೆಗೆ ಬಾಯಿ ತೆರೆದಳು.

“ಸ್ವಾಮೀ, ನನ್ನ ಎಲಿಹಿಯೋನನ್ನು ನಿನ್ನ ಬಳಿ ಸೇರಿಸಿಕೋ. ದುಡಿದು ದಣಿದ ಜೀವ, ಅದಕ್ಕೆ ಶಾಂತಿ ಕೊಡು. ನಿನ್ನ ಬೆಳಕು ಅವನ ಮೇಲೆ ಸದಾ ಇರಲಿ. ಆಮೆನ್.”